ಅರವತ್ತಮೂರರಲ್ಲಿ ಎಲ್ ಬೋರ್ಡು

ಲೈಸನ್ಸಿನ ಅವಧಿ ಮುಗಿಯುತ್ತ ಬಂದಿತ್ತು. ನವೀಕರಣಕ್ಕೆ ವೈದ್ಯರ ಸರ್ಟಿಫಿಕೇಟು ಬೇಕೆಂದು ಹೋದ ಸೋಮವಾರ ಉಮರ್ಗಾಕ್ಕೆ ಹೋಗಿದ್ದೆ. ದವಾಖಾನೆ ತೆರೆಯುವುದು ಒಂಬತ್ತಕ್ಕೆ. ನಾನು ಹತ್ತು ನಿಮಿಷ ಮೊದಲೇ ಬಾಗಿಲ ಮುಂದೆ ನಿಂತಿದ್ದೆ. ಅದು ನನ್ನ ರೂಢಿ. ಬೆರಳಿಗೆ ಸೂಜಿ ಚುಚ್ಚುವ ಮೊದಲು ಕಂಪೌಂಡರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದ. ಆ ವಾಸನೆ ಮೂಗಿಗೆ ಬಡಿಯಿತು. ಐದು ವರ್ಷವಾದರೂ ಮೂಗು ಮರೆತಿಲ್ಲ. ಗಂಟಲೂ ಮರೆತಿಲ್ಲ, ಸುಳ್ಳೇಕೆ ಹೇಳಲಿ. ಒಂದು ಕ್ಷಣ ಅಲ್ಲಿ ಬಿಸಿಯೊಂದು ಎದ್ದು ಇಳಿಯಿತು.

"ಬಿ.ಪಿ. ಬರೋಬರ್ ಅದರಿ ಕಾಕಾ," ಎಂದ ಡಾಕ್ಟರು, ನನಗೆ ಮಗನಾಗುವ ವಯಸ್ಸಿನವನು. "ದಾರೂ ಗೀರೂ ಏನಿಲ್ಲಲಾ?"

"ಕುಡೀತಿದ್ದೆ. ಅದರ ಸಲುವಾಗಿ ಲೈಸನ್ಸ್ ಹೋಗಿತ್ತು. ತಿರುಗಿ ತೊಗೊಂಡೀನಿ. ಬರಕೋರಿ."

ಅವನು ಪೆನ್ನು ಎತ್ತಿ ನನ್ನ ಮುಖ ನೋಡಿದ. "ಅದೆಲ್ಲ ಬರಿಯೋದು ಬ್ಯಾಡ ಬಿಡ್ರಿ."

ಎಲ್ಲರೂ ಹೀಗೇ ಹೇಳುತ್ತಾರೆ. ಆ ವರ್ಷದ ಮಾತು ಬಂದರೆ ಬೀಗರು ಮಾತು ತಿರುಗಿಸುತ್ತಾರೆ, ತಮ್ಮ ಕೆಮ್ಮುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ನಿವೃತ್ತ ಹವಾಲ್ದಾರ. ಹೆಸರು ಮಾಳಪ್ಪ, ಊರಲ್ಲಿ ಆ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಇಪ್ಪತ್ತನಾಲ್ಕು ವರ್ಷ ಸೈನ್ಯದ ಟ್ರಕ್ಕು ಓಡಿಸಿದ್ದೇನೆ, ಮಂಜಿನಲ್ಲಿ, ಮರಳಿನಲ್ಲಿ, ಒಂದು ಚಕ್ರ ಪ್ರಪಾತದ ಅಂಚಿನಲ್ಲಿ ಇಟ್ಟುಕೊಂಡು. ನಮ್ಮ ಊರು ಗುಂಜೋಟಿಯಿಂದ ಸಾಸ್ತೂರದ ಕಡೆಗೆ ಬರುತ್ತದೆ, ಮರಾಠಿ ಸೀಮೆಯೊಳಗೆ ಕನ್ನಡ ಆಡುವ ಊರು. ಭೂಕಂಪದ ನಂತರ ಹೊಸದಾಗಿ ಕಟ್ಟಿದ ಊರು. ಓಣಿಗಳು ಗೆರೆ ಹೊಡೆದಂತೆ ನೇರ, ಮನೆಗಳು ಪರೇಡಿಗೆ ನಿಂತಂತೆ ಸಾಲು. ಹಿರಿಯರು ಹಳೆಯ ಊರಿನ ಸಂದಿಗೊಂದಿ ನೆನೆದು ಕಣ್ಣೀರು ಹಾಕುತ್ತಿದ್ದರು. ಪಿಂಚಣಿ ಹಿಡಿದು ಬಂದ ನನಗೆ ಹೊಸ ಊರೇ ಹಿಡಿಸಿತು. ಕುರಿ, ಹೊಲ, ಬೀರಪ್ಪ ದೇವರು. ನಮ್ಮ ಮನೆತನದಲ್ಲಿ ಈ ಮೂರರ ಆಚೆ ಕಾಲಿಟ್ಟವನು ನಾನೊಬ್ಬನೇ. ಬಂದವನೇ ಒಂದು ಪಿಕಪ್ ಗಾಡಿ ಕೊಂಡೆ. ನಮ್ಮ ಕುರಿ, ನೆರೆಯವರ ಸೋಯಾಬೀನು, ಯಾರದೋ ಬಾಣಂತಿ, ಯಾವುದನ್ನು ಎಲ್ಲಿಗೆ ಮುಟ್ಟಿಸಬೇಕಾದರೂ ಹೇಳಿದ ಹೊತ್ತಿಗೆ ಗಾಡಿ ಬಾಗಿಲಿಗೆ ಬರುತ್ತಿತ್ತು.

ಕುಡಿಯುವುದಕ್ಕೂ ನನಗೆ ಹೊತ್ತಿತ್ತು. ಸಂಜೆ ಏಳು. ಏಳಕ್ಕೆ ಮೊದಲು ಬಾಟಲಿಯ ಮುಚ್ಚಳ ಮುಟ್ಟುತ್ತಿರಲಿಲ್ಲ. ಸೈನ್ಯದ ಕ್ಯಾಂಟೀನಿನ ರಮ್ಮು, ಅದೇ ಲೋಟ, ಅದೇ ಕುರ್ಚಿ. ಗಡಿಯಾರ ನೋಡಿ ಕುಡಿಯುವವನು ಕುಡುಕನಲ್ಲ ಎಂಬುದು ನನ್ನ ವಾದ. ಲೋಟದ ಸಂಖ್ಯೆ ಎರಡರಿಂದ ಐದಕ್ಕೆ, ಐದರಿಂದ ಲೆಕ್ಕ ತಪ್ಪುವಷ್ಟಕ್ಕೆ ಏರಿದ್ದು ವಾದದೊಳಗೆ ಬರುತ್ತಿರಲಿಲ್ಲ.

ನಮ್ಮವರಿಗೆ ಕುಡಿತಕ್ಕೆ ಒಂದೇ ಔಷಧ ಗೊತ್ತು: ಭಂಡಾರ. ಬೀರಪ್ಪನ ಗುಡಿಯಲ್ಲಿ ಅಂಗೈ ತುಂಬ ಅರಿಷಿಣದ ಪುಡಿ ಹಿಡಿದು, ಹತ್ತು ಜನರ ಮುಂದೆ ಮೇಲಕ್ಕೆತ್ತಿ, ಇಂಥದ್ದನ್ನು ಮಾಡುವುದಿಲ್ಲ ಎನ್ನಬೇಕು. ಎತ್ತಿದವನು ತಪ್ಪಿದರೆ ಅವನ ಹಿಂಡು ಉಳಿಯುವುದಿಲ್ಲ ಎಂಬ ನಂಬಿಕೆ. ನನ್ನ ತಮ್ಮ ಸಿದ್ದಪ್ಪ ನನ್ನಿಂದ ಮೂರು ಸಲ ಭಂಡಾರ ಎತ್ತಿಸಿದ್ದ. ಮೊದಲನೆಯ ಸಲ ಊರೊಳಗೆ ಕುಡಿಯುವುದಿಲ್ಲ ಎಂದು ಎತ್ತಿದೆ. ಮಾರನೆಯ ದಿನ ಸೀಮೆಯ ಕಲ್ಲು ದಾಟಿ, ಆ ಕಲ್ಲಿಗೇ ಬೆನ್ನು ಕೊಟ್ಟು ಕೂತು ಕುಡಿದೆ. ಎರಡನೆಯ ಸಲ ಕ್ಯಾಂಟೀನಿನ ರಮ್ಮು ಮುಟ್ಟುವುದಿಲ್ಲ ಎಂದೆ. ಉಮರ್ಗಾದಲ್ಲಿ ಬೇರೆ ಬಾಟಲಿಗಳಿಗೇನು ಬರ? ಮೂರನೆಯ ಸಲ ಸಿದ್ದಪ್ಪ ಜಾಣನಾದ. ವೈನಿಯ ಎದುರು ಕುಡಿಯಬಾರದು ಎಂದು ಎತ್ತಿಸಿದ. ವೈನಿ ಎಂದರೆ ನನ್ನ ಹೆಂಡತಿ ಸುಂದ್ರಾಬಾಯಿ. ಅವಳು ಮನೆ ಬಿಟ್ಟು ಹೋಗುವವಳಲ್ಲ, ಆದ್ದರಿಂದ ನಾನು ಕುಡಿಯುವವನಲ್ಲ ಎಂಬುದು ಅವನ ಗಣಿತ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ನಿಲಂಗಾದಲ್ಲಿ ಸಂಬಂಧಿಕರ ಮದುವೆ. ಮಧ್ಯಾಹ್ನ ಊಟದ ಹೊತ್ತಿಗೆ ಚಪ್ಪರದ ಹಿಂದೆ ಕರೆದರು, ಹೋದೆ. ಸುಂದ್ರಾಬಾಯಿ ಹೆಂಗಸರ ಪಂಕ್ತಿಯಲ್ಲಿದ್ದಳು, ನನ್ನ ಎದುರಿಗೆ ಇರಲಿಲ್ಲ. ಭಂಡಾರದ ಮಾತಿಗೆ ಒಂದಕ್ಷರವೂ ತಪ್ಪಿರಲಿಲ್ಲ. ದೇವರಿಗೆ ಮೋಸ ಮಾಡಿಲ್ಲ ಎಂಬ ಧೈರ್ಯದಲ್ಲೇ ಗಾಡಿ ಹತ್ತಿ, ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೊರಟೆ. ದಾರಿಯಲ್ಲಿ ಒಂದು ಸಣ್ಣ ಸೇತುವೆ ಬರುತ್ತದೆ. ಆ ಸೇತುವೆಯನ್ನು ನಾನು ನೂರಾರು ಸಲ ದಾಟಿದ್ದೆ. ಅವತ್ತು ಅದು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಗಾಡಿ ಕೆಳಗಿನ ಹೊಲಕ್ಕೆ ಇಳಿದು ಮಗ್ಗುಲಾಯಿತು. ನನಗೆ ಒಂದು ತರಚುಗಾಯವೂ ಆಗಲಿಲ್ಲ. ಸುಂದ್ರಾಬಾಯಿಯ ಎಡಗೈ ಮಣಿಕಟ್ಟು ಎರಡು ಕಡೆ ಮುರಿಯಿತು.

ಪೊಲೀಸರು ಕೊಳವೆ ಊದಿಸಿದರು. ಊದಿದೆ. ಕೋರ್ಟಿನಲ್ಲಿ ತಪ್ಪಾಯಿತು ಎಂದು ಒಪ್ಪಿಕೊಂಡೆ. ಲೈಸನ್ಸು ರದ್ದಾಯಿತು, ಆರು ತಿಂಗಳು ಅರ್ಜಿ ಹಾಕುವಂತಿಲ್ಲ, ಆಮೇಲೆ ಹೊಸಬನಂತೆ ಮೊದಲಿನಿಂದ ಕಲಿತು ಪರೀಕ್ಷೆ ಪಾಸಾಗಬೇಕು ಎಂದರು.

ನಾಚಿಕೆಯಿಂದ ಅವತ್ತೇ ಬಿಟ್ಟೆ ಎಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು. ಬಿಡಲಿಲ್ಲ. ಯುಗಾದಿಯಿಂದ ಮೊದಲ ಮಳೆಯವರೆಗೆ ಮೊದಲಿಗಿಂತ ಹೆಚ್ಚು ಕುಡಿದೆ. ಏಳು ಗಂಟೆಯ ನಿಯಮವೂ ಮುರಿಯಿತು. ಸುಂದ್ರಾಬಾಯಿ ಬೈಯಲಿಲ್ಲ. ಒಂದೇ ಮಾತು ಹೇಳಿದಳು, ಅದನ್ನೂ ಪ್ಲಾಸ್ಟರಿನ ಕೈ ನೋಡಿಕೊಳ್ಳುತ್ತ: "ನಿಮ್ಮ ಗಾಡ್ಯಾಗ ಇನ್ನ ನಾ ಕೂಡಂಗಿಲ್ಲ." ಅವಳು ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳುವವಳಲ್ಲ. ದವಾಖಾನೆಗೆ ಬಸ್ಸಿನಲ್ಲಿ ಹೋದಳು, ತವರಿಗೆ ಬಸ್ಸಿನಲ್ಲಿ ಹೋದಳು.

ಪ್ಲಾಸ್ಟರು ತೆಗೆದರು. ಕೈ ಕೂಡಿತ್ತು, ಆದರೆ ಸೊಟ್ಟಾಗಿ ಕೂಡಿತ್ತು. ಒಂದು ಬೆಳಗ್ಗೆ ಹಾಸಿಗೆಯಲ್ಲಿ ಬಿದ್ದುಕೊಂಡೇ ಅವಳು ಜೋಳದ ರೊಟ್ಟಿ ಬಡಿಯುವುದನ್ನು ಕೇಳಿದೆ. ನಲವತ್ತು ವರ್ಷ ಕೇಳಿದ ಸಪ್ಪಳ ಅದು. ಬಲಗೈ ಬಡಿಯುತ್ತದೆ, ಎಡಗೈ ರೊಟ್ಟಿಯನ್ನು ತಿರುಗಿಸುತ್ತದೆ, ಕವಾಯತಿನ ಹೆಜ್ಜೆಯಂತೆ ಒಂದೇ ತಾಳ. ಅವತ್ತು ತಾಳ ಇರಲಿಲ್ಲ. ನಾಲ್ಕು ಬಡಿತ, ನಿಲ್ಲುವುದು. ಎರಡು ಬಡಿತ, ನಿಲ್ಲುವುದು. ತಿರುಗಿಸಲು ಆಗದೆ ಬಲಗೈಯಿಂದಲೇ ಎರಡೂ ಕೆಲಸ ಮಾಡುತ್ತಿದ್ದಳು. ಇಪ್ಪತ್ತನಾಲ್ಕು ವರ್ಷ ಹೆಜ್ಜೆ ತಪ್ಪಿದವರನ್ನು ಗದರಿಸಿದ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಎದ್ದು ಮುಖ ತೊಳೆದು, ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿ, ಉದಗೀರಕ್ಕೆ ಹೋಗುತ್ತೇನೆ ಎಂದೆ. ಅಲ್ಲಿ ಕುಡಿತ ಬಿಡಿಸುವ ದವಾಖಾನೆ ಇದೆಯೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಯಾರೂ ಹೆಸರೆತ್ತುವುದಿಲ್ಲ.

"ಬಸ್ಸಿಗಿ ಹೊತ್ತಾತ," ಎಂದಳು ಸುಂದ್ರಾಬಾಯಿ. ಎರಡು ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು.

ಮೊದಲ ಎಂಟು ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಡುಕ, ಬೆವರು, ಗೋಡೆಯ ಮೇಲೆ ಇಲ್ಲದ ಇರುವೆಗಳು. ಹೊರಗೆ ಮುಂಗಾರಿನ ಮಿರಗದ ಮಳೆ ಹಿಡಿದು ಹೊಡೆಯುತ್ತಿತ್ತು, ತಗಡಿನ ಮಾಡಿನ ಮೇಲೆ ಅದರ ಸದ್ದು ನನಗೆ ಗುಂಡಿನ ಸದ್ದಿನಂತೆ ಕೇಳಿಸುತ್ತಿತ್ತು. ಒಂಬತ್ತನೆಯ ದಿನ ಎದ್ದು ಹಾಸಿಗೆಯನ್ನು ಸೈನ್ಯದ ರೀತಿಯಲ್ಲಿ ಮಡಚಿದೆ. ಅಲ್ಲಿ ಐದಕ್ಕೆ ಗಂಟೆ, ಆರಕ್ಕೆ ಚಹಾ, ಏಳಕ್ಕೆ ಕಸಬರಿಗೆ. ಉಳಿದವರು ಗೊಣಗುತ್ತಿದ್ದರು. ನನಗೆ ತವರಿಗೆ ಬಂದಂತಾಯಿತು.

ಅಲ್ಲಿಯ ಡಾಕ್ಟರಬಾಯಿ ಉದಗೀರದವರೇ, ನಮ್ಮ ಮಾತೇ ಆಡುವವರು. ನಾನು ಅವರಿಗೂ ನನ್ನ ಏಳು ಗಂಟೆಯ ವಾದ ಹೇಳಿದೆ. ಗಡಿಯಾರ ನೋಡಿ ಕುಡಿಯುತ್ತಿದ್ದೆ, ಶಿಸ್ತಿನ ಮನುಷ್ಯ ನಾನು, ಆ ಮದುವೆಯ ಮಧ್ಯಾಹ್ನ ಒಂದು ತಪ್ಪಿತು ಅಷ್ಟೇ.

ಅವರು ಪೂರ್ತಿ ಕೇಳಿದರು. "ಹವಾಲ್ದಾರರ, ಅದು ನಿಮ್ಮ ಶಿಸ್ತ ಅಲ್ಲರಿ. ದಾರೂದ ಶಿಸ್ತ. ಏಳಕ್ಕ ಹಾಜರ್ ಆಗು ಅಂತ ಹುಕುಂ ಮಾಡಿದ್ದು ಅದು. ಸಲ್ಯೂಟ್ ಹೊಡದವ್ರು ನೀವು."

ಸಿಟ್ಟು ಬಂತು. ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಹೋಗಿ ಕೇಳಿದೆ: "ಮತ್ತ ನನ್ನ ಹುಕುಂ ಯಾವುದ್ರಿ?"

"ಜನ್ಮಕ್ಕ ಬಿಡ್ತೀನಿ ಅಂತ ಮಾತ್ರ ಅನಬ್ಯಾಡ್ರಿ. ಅಂದವ್ರೆಲ್ಲಾ ಇಲ್ಲಿಗೆ ವಾಪಸ್ ಬಂದಾರ. ಇವತ್ತಿಂದು ಒಂದು ನೋಡ್ರಿ."

ನನಗೆ ತಕ್ಷಣ ಅರ್ಥವಾಯಿತು. ಭಂಡಾರ ಒಂದು ಗೋಡೆ. ಗೋಡೆ ಕಂಡರೆ ಮನುಷ್ಯ ಸಂದಿ ಹುಡುಕುತ್ತಾನೆ. ನಾನು ಮೂರು ಹುಡುಕಿದ್ದೆ. ಪಹರೆ ಹಾಗಲ್ಲ. ಪಹರೆಯವನು ಇಡೀ ಯುದ್ಧ ಗೆಲ್ಲುತ್ತೇನೆ ಎನ್ನುವುದಿಲ್ಲ, ತನ್ನ ಪಾಳಿ ನಿಲ್ಲುತ್ತಾನೆ. ಅಂದಿನಿಂದ ಬೆಳಗ್ಗೆ ಐದಕ್ಕೆ ಎದ್ದು, ನೆಟ್ಟಗೆ ನಿಂತು, "ಇವತ್ತು ಇಲ್ಲ" ಎನ್ನುವುದು ರೂಢಿಯಾಯಿತು. ಊರಿಗೆ ಬಂದ ಮೇಲೂ ಅಂಗಳದಲ್ಲಿ ನಿಂತು ಹೇಳಿದೆ. ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡಿದ್ದೆ.

ಊರಿಗೆ ಬಂದ ಮರುದಿನವೇ ಸಿದ್ದಪ್ಪ ಹಾಜರಾದ. ನಾಲ್ವರು ಹಿರಿಯರಿಗೆ ಹೇಳಿ ಬಂದಿದ್ದ.

"ಅಣ್ಣಾ, ಐತವಾರ ಗುಡಿಗೆ ಹೋಗಮು. ಈ ಸಲ ಪಕ್ಕಾ ಭಂಡಾರ ಎತ್ತು. ಊರಾಗಿಲ್ಲ, ಊರ ಹೊರಗಿಲ್ಲ, ಯಾರ ಮುಂದಿಲ್ಲ, ಯಾರ ಹಿಂದಿಲ್ಲ. ಎಲ್ಲಾ ಬರಕೊಂಡು ಬಂದೀನಿ, ಎಲ್ಲೂ ಸಂದಿ ಬಿಟ್ಟಿಲ್ಲ."

"ಎತ್ತಂಗಿಲ್ಲ."

"ಎತ್ತಂಗಿಲ್ಲ ಅಂದ್ರ? ಹಂಗಾರ ಕುಡಿತಿ ಅಂದಂಗಾತು!"

"ಇವತ್ತ ಕುಡಿಯಂಗಿಲ್ಲ. ನಾಳಿಂದು ನಾಳಿ ಬಂದು ಕೇಳು."

ಊರಿಗೆ ಇದು ಹಿಡಿಸಲಿಲ್ಲ. ಭಂಡಾರ ಎತ್ತದವನು ಒಳಗೆ ಏನೋ ಇಟ್ಟುಕೊಂಡಿದ್ದಾನೆ ಎಂದು ಗುಡಿಯ ಕಟ್ಟೆಯಲ್ಲಿ ತೀರ್ಮಾನವಾಯಿತು. ನಾನು ವಾರಕ್ಕೊಮ್ಮೆ ನಿಲಂಗಾಕ್ಕೆ ಹೋಗುವುದು ಅನುಮಾನವನ್ನು ಹೆಚ್ಚಿಸಿತು. ಅಲ್ಲಿ ಒಂದು ಶಾಲೆಯ ಕೋಣೆಯಲ್ಲಿ ಕುಡಿತ ಬಿಟ್ಟವರು ಸೇರುತ್ತಿದ್ದರು. ಒಬ್ಬೊಬ್ಬರೇ ಎದ್ದು ಮರಾಠಿಯಲ್ಲಿ ತಮ್ಮ ಕತೆ ಹೇಳುವುದು, ಚಹಾ ಕುಡಿದು ಎದ್ದು ಬರುವುದು. ಹೋಗಿ ಬರಲು ಎರಡೆರಡು ಬಸ್ಸು. ಮಳೆಗಾಲವಿಡೀ ನಾನು ಬಸ್ಸಿನ ಪ್ರಯಾಣಿಕನಾಗಿದ್ದೆ. ಚಾಲಕನಾದವನು ಪ್ರಯಾಣಿಕನಾಗುವುದು ಎಂಥ ಶಿಕ್ಷೆ ಎಂದು ಬೇರೆಯವರಿಗೆ ತಿಳಿಯದು. ತಿರುವು ಬಂದಾಗಲೆಲ್ಲ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಒಂದು ಸಲ ಮುಂದಿನ ಸೀಟಿನ ಮುದುಕಿ ತಿರುಗಿ, "ಎಷ್ಟ ಒದೀತೀಯೋ ಯಪ್ಪಾ, ನಾ ಏನು ಎಮ್ಮಿ ಏನು?" ಎಂದಳು.

ಸಂಜೆ ಏಳು ಗಂಟೆ ಎಲ್ಲಿಗೂ ಹೋಗಿರಲಿಲ್ಲ, ದಿನಾ ಬರುತ್ತಿತ್ತು. ಆ ಹೊತ್ತಿಗೆ ನಾನು ಗಾಡಿ ತೊಳೆಯಲು ನಿಲ್ಲುತ್ತಿದ್ದೆ. ಸೇತುವೆಯ ಕೆಳಗಿನಿಂದ ಎಳೆತಂದು ರಿಪೇರಿ ಮಾಡಿಸಿದ ಗಾಡಿ ಅಂಗಳದಲ್ಲೇ ಇತ್ತು. ಚಕ್ರದ ಗಾಳಿ ನೋಡುವುದು, ಬ್ಯಾಟರಿಗೆ ನೀರು ಹಾಕುವುದು, ಇಂಜಿನ್ನು ಹತ್ತು ನಿಮಿಷ ನಡೆಸಿ ಆರಿಸುವುದು. ಓಣಿಯವರಿಗೆ ತಮಾಷೆ. "ಹವಾಲ್ದಾರ ನೋಡ್ರಿ, ಮದಲಗಿತ್ತಿಗಿ ಸುರಗಿ ನೀರ ಹಾಕ್ದಂಗ ದಿನಾ ಗಾಡಿಗಿ ನೀರ ಹಾಕ್ತಾನ!" ಸಿದ್ದಪ್ಪನಿಗೆ ತಮಾಷೆ ಅನ್ನಿಸಲಿಲ್ಲ. ಅವನ ಮಾತು ಬೇರೆ: "ಅರವತ್ತಮೂರ ಆದವು. ಈ ವಯಸ್ಸಿನಾಗ ಲೈಸನ್ಸ್ ತೊಗೊಂಡು ಏನ್ ಮಾಡ್ತಿ? ಗಾಡಿ ಮಾರು, ಇಲ್ಲಾಂದ್ರ ನನಗ ಕೊಡು. ವೈನಿ ಅಂತೂ ಅದರಾಗ ಕೂಡಂಗಿಲ್ಲ."

ಕೊನೆಯ ಮಾತು ಎದೆಗೆ ನಾಟಿತು, ಯಾಕೆಂದರೆ ಲೈಸನ್ಸು ಬೇಕಾಗಿದ್ದು ಅದಕ್ಕೇ. ಕುರಿ ಸಾಗಿಸಲು ಬೇರೆ ಗಾಡಿ ಸಿಗುತ್ತವೆ. ನಾನು ಅವಳನ್ನು ಒಂದು ದಾರಿಯಲ್ಲಿ ಬೀಳಿಸಿದ್ದೆ. ನಡೆದುಕೊಂಡೋ ಬಸ್ಸಿನಲ್ಲೋ ಅವಳ ಜೊತೆ ಎಷ್ಟು ತಿರುಗಿದರೂ ಆ ಬೀಳಿಸಿದ್ದು ಹಾಗೇ ಉಳಿಯುತ್ತದೆ. ಇದನ್ನು ಸಿದ್ದಪ್ಪನಿಗೆ ಹೇಳಲಿಲ್ಲ. "ಗಾಡಿ ನಂದು. ಲೈಸನ್ಸ್ ತೊಗೊಂತೀನಿ," ಎಂದಷ್ಟೇ ಹೇಳಿದೆ.

ಗಣಪತಿ ಹಬ್ಬದ ಹೊತ್ತಿಗೆ ಅವನೇ ಮತ್ತೆ ಬಂದ. ಈ ಸಲ ದನಿ ಮೆತ್ತಗಿತ್ತು. ಮಗಳ ನಿಶ್ಚಯಕ್ಕೆ ಬೀಗರ ಕಡೆಯ ಗಂಡಸರು ಬರುವವರಿದ್ದರು.

"ಅಣ್ಣಾ, ಕ್ಯಾಂಟೀನಿಂದು ನಾಕ ಬಾಟ್ಲಿ... ನಿಂದು ಕೋಟಾ ಹಂಗೇ ಅದಲಾ. ನೀ ಕುಡೀಬ್ಯಾಡ ಮಾರಾಯ, ತಂದರ ಕೊಡು."

ನನಗೆ ನಗು ಬಂತು, ಸಿಟ್ಟೂ ಬಂತು. ಎರಡನ್ನೂ ತಡೆದೆ. "ಸಿದ್ದಪ್ಪ, ನನ್ನ ಕೈಲಿ ಭಂಡಾರ ಎತ್ತಿಸ್ಲಾಕ ಬಂದಾಂವ ನೀ. ಈಗ ಅದೇ ಕೈಲಿ ಬಾಟ್ಲಿ ಎತ್ತು ಅಂತಿ?"

"ಮಂದಿ ಏನಂದಾರು? ಮನ್ಯಾಗ ಫೌಜಿ ಇದ್ದು ಬೀಗರ ಗಂಟ್ಲ ಒಣಗಿಸಿ ಕಳಿಸಿದ್ರು ಅಂತಾರ."

"ಮಜ್ಜಿಗಿ ಕೊಡು."

ಅವನೊಬ್ಬನೇ ಅಲ್ಲ. ನನ್ನ ಕೋಟಾದ ಮೇಲೆ ಅರ್ಧ ಊರು ಕಣ್ಣಿಟ್ಟಿತ್ತು ಎಂದು ಗೊತ್ತಾದದ್ದು ಅದನ್ನು ತರುವುದು ಬಿಟ್ಟ ಮೇಲೆ. ಗುಡಿಯ ಕಟ್ಟೆಯ ಮೇಲೆ ನನ್ನ ಬಗ್ಗೆ ತೀರ್ಮಾನ ಕೊಟ್ಟವರಲ್ಲಿ ಇಬ್ಬರು ಒಬ್ಬರಿಗೊಬ್ಬರು ತಿಳಿಯದಂತೆ ಹಿತ್ತಲ ಬಾಗಿಲಿಗೆ ಬಂದು ಹೋದರು. ನಿಶ್ಚಯದ ದಿನ ಬೀಗರು ಮಜ್ಜಿಗೆಯನ್ನೇ ಕುಡಿದರು, ಮದುವೆಯೂ ಆಯಿತು.

ಆರು ತಿಂಗಳು ಕಳೆದವು. ನವರಾತ್ರಿಯಲ್ಲಿ ಅರ್ಜಿ ಹಾಕಲು ಉಮರ್ಗಾಕ್ಕೆ ಹೋದೆ. ಅರ್ಜಿ ತುಂಬಿಕೊಡುವ ಅಂಗಡಿಯವನು, ಹಿಂದೆ ಎಂದಾದರೂ ಲೈಸನ್ಸು ರದ್ದಾಗಿದೆಯೇ ಎಂಬ ಪ್ರಶ್ನೆಗೆ ಬಂದಾಗ ಬೆರಳು ನಿಲ್ಲಿಸಿ, "ಕಾಕಾ, ಇಲ್ಲ ಅಂತ ಹೊಡಿಲೇನು?" ಎಂದ.

"ಹೌದು ಅಂತ ಹೊಡಿ. ಕಾರಣ ದಾರೂ ಅಂತ ಬರಿ."

ಹಿಂದೆ ಸರದಿಯಲ್ಲಿದ್ದ ಹುಡುಗರು ಒಬ್ಬರನ್ನೊಬ್ಬರು ತಿವಿದರು. ತಿವಿಯಲಿ.

ಕಲಿಯುವವರ ಲೈಸನ್ಸು ಬಂತು. ಕಲಿಯುವವನ ಗಾಡಿಗೆ ಹಿಂದೆ ಮುಂದೆ ಕೆಂಪು ಎಲ್ ಅಕ್ಷರ ಇರಬೇಕು. ಸಣ್ಣ ಸ್ಟಿಕ್ಕರು ಸಿಗುತ್ತದೆ, ನಾನು ಅದನ್ನು ತರಲಿಲ್ಲ. ಬಣ್ಣದ ಡಬ್ಬಿ ತಂದು ಎರಡು ತಗಡಿನ ಮೇಲೆ ಮೊಳಕೈ ಉದ್ದದ ಎಲ್ ಬರೆದು, ಊರ ತುದಿಯಿಂದಲೂ ಕಾಣುವಂತೆ ಕಟ್ಟಿದೆ. ನಗುವವರಿಗೆ ಕಣ್ಣಿಗೆ ಶ್ರಮವಾಗಬಾರದು.

ಪಕ್ಕದಲ್ಲಿ ಲೈಸನ್ಸಿದ್ದವರು ಒಬ್ಬರು ಕೂಡಬೇಕು ಎಂಬುದು ಕಾನೂನು. ಮನೆಯಲ್ಲಿ ಲೈಸನ್ಸಿದ್ದವನು ಸಿದ್ದಪ್ಪ ಒಬ್ಬನೇ. ಅವನು ಗಾಡಿ ಹೊಡೆದರೆ ಓಣಿಯ ಕೋಳಿಗಳು ಮಾಡು ಹತ್ತುತ್ತವೆ. ಅಂಥವನನ್ನು ಗುರುವಿನ ಜಾಗದಲ್ಲಿ ಕೂಡಿಸಿಕೊಂಡು ದೀಪಾವಳಿಯವರೆಗೆ ದಿನಾ ಬೆಳಗ್ಗೆ ಆರರಿಂದ ಏಳರವರೆಗೆ ಓಡಿಸಿದೆ. ಕೈ ಎತ್ತಿ ಬೈಯುವುದು, ಬ್ರೇಕು ಹೇಗೆ ಒತ್ತಬೇಕೆಂದು ಕಲಿಸುವುದು, ಎಲ್ಲವನ್ನೂ ಅವನು ಶ್ರದ್ಧೆಯಿಂದ ಮಾಡಿದ. "ಗಿಯರ್ ಹಗುರಕ ಹಾಕು ಅಣ್ಣಾ, ಅದೇನು ಕುರಿ ಕಾಲು ಏನು?" ಎನ್ನುತ್ತಿದ್ದ. ನಾನು "ಜೀ ಸಾಬ್" ಎನ್ನುತ್ತಿದ್ದೆ. ನಾಲ್ಕು ದಿನದಲ್ಲಿ ಅವನಿಗೆ ಅದು ರುಚಿಸಿಬಿಟ್ಟಿತು. ನಾನು ಕರೆಯುವ ಮೊದಲೇ ಮಫ್ಲರು ಸುತ್ತಿಕೊಂಡು ಬಂದು ನಿಲ್ಲುತ್ತಿದ್ದ.

ದೀಪಾವಳಿ ಮುಗಿದ ವಾರ ಉಮರ್ಗಾದ ಮೈದಾನದಲ್ಲಿ ಪರೀಕ್ಷೆ. ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ ಅಂಚಿಗೆ ಕಂಬ ನಿಲ್ಲಿಸಿದ್ದರು. ಮುಂದೆ ಹೋಗಿ, ಹಿಮ್ಮುಖವಾಗಿ ಎರಡು ಗೆರೆಗಳ ನಡುವೆ ಗಾಡಿ ತಂದು ನಿಲ್ಲಿಸಬೇಕು. ಮುಂದಿನದು ಸರಿಯಾಯಿತು. ಹಿಮ್ಮುಖ ಎಂದಕೂಡಲೇ ನನ್ನ ಕೈ ಹಳೆಯ ಅಭ್ಯಾಸದಂತೆ ಬಾಗಿಲು ತೆರೆಯಿತು. ಟ್ರಕ್ಕನ್ನು ನಾವು ಹಾಗೇ ಹಿಂದೆ ತರುತ್ತಿದ್ದೆವು, ಅರ್ಧ ಮೈ ಹೊರಗೆ ಹಾಕಿ, ಹಿಂದಿನ ಚಕ್ರ ನೋಡುತ್ತ. ಬಾಗಿಲು ಗೆರೆಯ ಕಂಬಕ್ಕೆ ತಾಗಿ ಕಂಬ ಬಿತ್ತು.

"ಬಸ್, ಕಾಕಾ. ಉತರಾ," ಎಂದ ಇನ್ಸ್‌ಪೆಕ್ಟರು. ಇಳಿಯಿರಿ ಎಂದರ್ಥ. ಕನ್ನಡಿ ನೋಡಿ ಹಿಂದೆ ತರಬೇಕು, ಬಾಗಿಲು ತೆರೆಯುವಂತಿಲ್ಲ. ಮುಂದಿನ ತಿಂಗಳು ಬನ್ನಿ ಎಂದ. ನನ್ನ ಹಿಂದಿನ ಸರದಿಯ ಹುಡುಗಿ, ಕಾಲೇಜಿನವಳು, ಒಂದೇ ಸಲಕ್ಕೆ ಪಾಸಾದಳು.

ಸಿದ್ದಪ್ಪ ಗಾಡಿಯನ್ನು ಊರಿಗೆ ಒಯ್ಯುತ್ತೇನೆ ಎಂದ. ನನಗೆ ಅವನ ಪಕ್ಕ ಕೂಡುವ ಮನಸ್ಸಿರಲಿಲ್ಲ. ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತೆ. ಎದುರಿಗೆ ಹೆದ್ದಾರಿ, ಹೈದರಾಬಾದಿನ ಕಡೆ ಸಾಲುಸಾಲು ಲಾರಿ, ಅದರಾಚೆ ಬಾಟಲಿಯ ಅಂಗಡಿ. ಅಂಗಡಿಯ ದೀಪ ಹತ್ತಿತು. ರಸ್ತೆ ದಾಟಲು ಎಷ್ಟು ಹೆಜ್ಜೆ ಎಂದು ತಲೆ ತಾನಾಗಿ ಅಳೆಯಿತು: ಇಪ್ಪತ್ತೆರಡು. ನಾನು ಎದ್ದೆ. ಎದ್ದು ನಿಂತಾಗ ಯಾವ ಕಡೆ ನಡೆಯುತ್ತೇನೆಂದು ನನಗೇ ಗೊತ್ತಿರಲಿಲ್ಲ. ಫೋನು ತೆಗೆದು ಮನೆಗೆ ಹಚ್ಚಿದೆ.

"ನಪಾಸ್ ಆದೆ," ಎಂದೆ.

ಸುಂದ್ರಾಬಾಯಿ ಕೇಳಿದಳು: "ಊಟಕ್ಕ ಬರ್ತೀರೋ ಇಲ್ಲೋ? ಹೇಳಿದ್ರ ರೊಟ್ಟಿ ಮಾಡ್ತೀನಿ."

"ಬರ್ತೀನಿ."

"ಹಂಗಾರ ಮಾಡ್ತೀನಿ."

ಮಾತು ಕೊಟ್ಟದ್ದು ಒಂದು ಊಟಕ್ಕೆ ಮಾತ್ರ. ಅದರಲ್ಲಿ ಹುಡುಕಲು ಸಂದಿ ಇರಲಿಲ್ಲ. ಬಸ್ಸು ಬಂತು, ಹತ್ತಿದೆ.

ಮರುದಿನ ಹೊಲದ ಕಣದಲ್ಲಿ ಒಲೆಯ ಬೂದಿಯಿಂದ ಗೆರೆ ಹಾಕಿದೆ. ನನ್ನ ಕಡೆಯ ಬಾಗಿಲನ್ನು ಹಗ್ಗದಿಂದ ಬಿಗಿದು ಕಟ್ಟಿ, ಆ ಕಡೆಯಿಂದ ಹತ್ತಿ, ಕನ್ನಡಿ ನೋಡಿ ಹಿಂದೆ ತರುವುದನ್ನು ಕಲಿತೆ. ಇಪ್ಪತ್ತನಾಲ್ಕು ವರ್ಷದ ಅಭ್ಯಾಸವನ್ನು ಒಂದು ತಿಂಗಳಲ್ಲಿ ಬಿಡಿಸಬೇಕಿತ್ತು. ಬಿಡಿಸುವುದು ಹೇಗೆಂದು ಆ ಹೊತ್ತಿಗೆ ನನಗೆ ಸ್ವಲ್ಪ ಗೊತ್ತಾಗಿತ್ತು.

ಎರಡನೆಯ ಸಲ ಅದೇ ಇನ್ಸ್‌ಪೆಕ್ಟರು. ಈ ಸಲ ಗಾಡಿ ಹತ್ತುವ ಮೊದಲು ಕಾಗದ ಓದಿದ. ಓದಿ ತಲೆ ಎತ್ತಿದ.

"ದಾರೂ?" ಎಂದ. "ಆತಾ?" ಈಗಲೂ ಉಂಟೇ ಎಂದು.

"ಆಜ್ ನಾಹೀ," ಎಂದೆ. ಇವತ್ತು ಇಲ್ಲ.

"ಆಣಿ ಉದ್ಯಾ?" ನಾಳೆ?

"ಉದ್ಯಾಚಂ ಉದ್ಯಾ." ನಾಳೆಯದು ನಾಳೆ.

ದೂರದಲ್ಲಿ ನಿಂತಿದ್ದ ಸಿದ್ದಪ್ಪ ಹಣೆ ಬಡಿದುಕೊಂಡ. ಜನ್ಮದಲ್ಲಿ ಮುಟ್ಟುವುದಿಲ್ಲ ಸಾಹೇಬರೇ ಎಂದು ಕೈ ಮುಗಿದಿದ್ದರೆ ಕೆಲಸ ಸುಲಭವಾಗುತ್ತಿತ್ತೇನೋ. ನಾನು ಮುಗಿಯಲಿಲ್ಲ. ಇನ್ಸ್‌ಪೆಕ್ಟರು ನನ್ನನ್ನು ಒಮ್ಮೆ, ಮೊಳಕೈ ಉದ್ದದ ಎಲ್ ಬೋರ್ಡನ್ನು ಒಮ್ಮೆ ನೋಡಿ, ಗಾಡಿಯ ಕಡೆ ಬೆರಳು ತೋರಿಸಿದ. ಮುಂದೆ ಹೋದೆ. ಕನ್ನಡಿ ನೋಡಿದೆ. ಹಿಂದೆ ಬಂದೆ. ನಿಲ್ಲಿಸಿದೆ. ನಾಲ್ಕೂ ಚಕ್ರ ಗೆರೆಯ ಒಳಗಿದ್ದವು.

ಲೈಸನ್ಸು ಕೈಗೆ ಬಂದದ್ದು ಎಳ್ಳಮಾಸೆಗೆ ಎರಡು ದಿನ ಇರುವಾಗ. ಸುಂದ್ರಾಬಾಯಿಯ ಕೈಗೆ ಕೊಟ್ಟೆ. ಅವಳು ಫೋಟೋ ನೋಡಿ, "ಮುಖ ಭಾಳ ಸೆಟಗೊಂಡಂಗ ಬಂದದ," ಎಂದು ದೇವರ ಗೂಡಿನಲ್ಲಿ ಇಟ್ಟಳು. ಕೂಡುತ್ತೇನೆ ಎನ್ನಲಿಲ್ಲ. ನಾನು ಕೇಳಲಿಲ್ಲ. ಸರ್ಕಾರ ಕೊಟ್ಟದ್ದು ಸರ್ಕಾರದ್ದು.

ಎಳ್ಳಮಾಸೆಯ ದಿನ ನಮ್ಮ ಸೀಮೆಯಲ್ಲಿ ಊರುಗಳು ಖಾಲಿಯಾಗುತ್ತವೆ. ಎಲ್ಲರೂ ಹೊಲಕ್ಕೆ. ಹೆಂಗಸರು ಮೂರು ಗಂಟೆಗೇ ಎದ್ದು ಕಾಳು ಸೊಪ್ಪು ಎಲ್ಲ ಕೂಡಿಸಿ ಭಜ್ಜಿ ಕುದಿಸಿ, ಸಜ್ಜೆಯ ಕಡುಬು ಮಾಡಿ, ಹುಳಿ ಮಜ್ಜಿಗೆಯ ಅಂಬಲಿಯನ್ನು ಹೊಸ ಗಡಿಗೆಗೆ ತುಂಬುತ್ತಾರೆ. ಗಡಿಗೆ ಕಂಠಮಟ್ಟ ತುಂಬಿರಬೇಕು. ಅದನ್ನು ಮನೆಯ ಹಿರಿಯ ಸೊಸೆ ತಲೆಯ ಮೇಲೆ ಹೊತ್ತು ಹೊಲ ಮುಟ್ಟಿಸುತ್ತಾಳೆ. ನಡುವೆ ನೆಲಕ್ಕೆ ಇಳಿಸುವಂತಿಲ್ಲ, ತುಳುಕಿಸುವಂತಿಲ್ಲ. ಹೊಲದಲ್ಲಿ ಪೂಜೆಯಾದ ಮೇಲೆ ಭೂತಾಯಿಯ ಎಡೆಯೆಂದು ಬೆಳೆಗೆ ಚರಗ ಚೆಲ್ಲುವುದು ಆ ಅಂಬಲಿಯಿಂದಲೇ. ಸುಂದ್ರಾಬಾಯಿ ಮದುವೆಯಾಗಿ ಬಂದ ವರ್ಷದಿಂದ ನಮ್ಮ ಗಡಿಗೆ ಹೊತ್ತವಳು ಅವಳೇ. ಆ ವರ್ಷ ತಲೆಯ ಮೇಲಿನ ಗಡಿಗೆ ಹಿಡಿಯಲು ಎಡಗೈಗೆ ಆಗುತ್ತಿರಲಿಲ್ಲ.

ಬಾಗಿಲಲ್ಲಿ ಸಿದ್ದಪ್ಪ ಎತ್ತಿನ ಗಾಡಿ ಹೂಡಿ ನಿಲ್ಲಿಸಿದ್ದ. ನನ್ನ ಪಿಕಪ್ಪು ಅದರ ಹಿಂದೆ ನಿಂತಿತ್ತು. ಸುಂದ್ರಾಬಾಯಿ ಗಡಿಗೆಯನ್ನು ಎದೆಗೆ ಅವುಚಿಕೊಂಡು ಹೊಸ್ತಿಲಲ್ಲಿ ನಿಂತು ಎರಡೂ ಗಾಡಿ ನೋಡಿದಳು.

"ಎತ್ತಿನ ಗಾಡ್ಯಾಗ ತುಳುಕ್ತದ," ಎಂದಳು.

ಸಿದ್ದಪ್ಪನಿಗೆ ಅವಳ ಮನಸ್ಸು ತಿಳಿಯಿತು. ಅಂಗಿಯ ಕಿಸೆಯಿಂದ ಭಂಡಾರದ ಪುಡಿಕೆ ತೆಗೆದ. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ, ಹೆದರಿಕೆ ಇತ್ತು. "ವೈನಿ, ಜರಾ ನಿಂದರು. ಅಣ್ಣಾ, ಇವತ್ತರ ಎತ್ತು. ಆಕಿ ಕೂಡೂದಕ್ಕಿಂತ ಮೊದಲ ಒಂದ ಸಲ ಎತ್ತಿಬಿಡು. ನಿನ್ನ ಕಾಲ ಬೀಳ್ತೀನಿ."

ಓಣಿಯ ಜನ ತಮ್ಮ ಗಡಿಗೆ ಬುಟ್ಟಿ ಹಿಡಿದು ಹಾಗೇ ನಿಂತರು. ನಾನು ಬಾಯಿ ತೆರೆಯುವ ಮೊದಲೇ ಸುಂದ್ರಾಬಾಯಿ ಮಾತಾಡಿದಳು.

"ಸಿದ್ದಪ್ಪ, ಮೂರ ಸಲ ಎತ್ತಿಸಿದಿ. ಬೀರಪ್ಪಗರ ಬ್ಯಾಸರಾಗಂಗಿಲ್ಲೇನು? ಇವ್ರು ದಿನಾ ಮುಂಜಾನಿ ಅಂಗಳದಾಗ ನಿಂತು ಏನ್ ಅಂತಾರ ನೀ ಕೇಳಿಲ್ಲ. ನಾ ಒಲಿ ಮುಂದ ಕುಂತು ದಿನಾ ಕೇಳೀನಿ. ಒಂದ ದಿನಾನೂ ತಪ್ಪಿಸಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಏನ್ ನೋಡ್ಲಾಕ ಹತ್ತೀರಿ? ಬಾಗಲ ತೆಗೀರಿ. ನನ್ನ ಕೈ ಖಾಲಿ ಇಲ್ಲ."

ಬಾಗಿಲು ತೆರೆದೆ. ಅವಳು ಹತ್ತಿ ಕೂತು ಗಡಿಗೆಯನ್ನು ತೊಡೆಯ ಮೇಲಿಟ್ಟು ಎರಡೂ ತೋಳಿನಿಂದ ಬಳಸಿಕೊಂಡಳು. ಊರಿನಿಂದ ಹೊಲಕ್ಕೆ ಒಂದೂವರೆ ಮೈಲಿ ಬಂಡಿಯ ದಾರಿ, ಒಂದು ಹಳ್ಳ. ನಾನು ಎಂಥೆಂಥ ಕಣಿವೆಗಳಲ್ಲಿ ಟ್ರಕ್ಕು ಇಳಿಸಿದವನು. ಆದರೆ ಆ ಒಂದೂವರೆ ಮೈಲಿಯಲ್ಲಿ ಬೆನ್ನೆಲ್ಲ ಬೆವತಿತ್ತು. ಎತ್ತಿನ ಗಾಡಿ ನಮ್ಮನ್ನು ಹಿಂದೆ ಹಾಕಿ ಹೋಯಿತು. ಸಿದ್ದಪ್ಪ ಹಿಂತಿರುಗಿ ನೋಡುತ್ತಲೇ ಇದ್ದ. ಹೋಗಲಿ ಎಂದು ಬಿಟ್ಟೆ. ಹೊಲ ಮುಟ್ಟಿದಾಗ ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆ ಒಣಗಿಯೇ ಇತ್ತು. ಅವಳು ಅದನ್ನು ಬಿಚ್ಚಿ ಪೂಜೆಗೆ ಇಳಿದಳು. ಕಡಲೆ ಹೂವಿಗೆ ಬಂದಿತ್ತು, ಜೋಳ ಎದೆಮಟ್ಟ ಎದ್ದಿತ್ತು. ಚರಗ ಚೆಲ್ಲಿ, ಉಂಡು, ಬಂದವರಿಗೆಲ್ಲ ಬಡಿಸಿ, ಹೊತ್ತು ಇಳಿಯುವವರೆಗೆ ಅಲ್ಲೇ ಇದ್ದೆವು.

ವಾಪಸು ಹೊರಟಾಗ ಅವಳು ಯಾರೂ ಕರೆಯದೆ ಬಂದು ಮುಂದಿನ ಸೀಟಿನಲ್ಲಿ ಕೂತಳು. ಹಳ್ಳ ದಾಟಿ ಏರು ಹತ್ತಿದ ಮೇಲೆ ಏನೋ ಹೇಳಲು ತಿರುಗಿದೆ. ಅವಳ ತಲೆ ಕಿಟಕಿಯ ಕಡೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಸೆರಗು ಜಾರಿತ್ತು. ನಿದ್ದೆ ಹತ್ತಿತ್ತು. ಮೂರು ಗಂಟೆಗೆ ಎದ್ದವಳು, ದಣಿದಿದ್ದಳು ಎಂದು ಯಾರಾದರೂ ಹೇಳಬಹುದು. ನಲವತ್ತು ವರ್ಷ ಗಾಡಿ ಹೊಡೆದವನು ನಾನು; ಯಾರ ಗಾಡಿಯಲ್ಲಿ ಜನ ನಿದ್ದೆ ಮಾಡುತ್ತಾರೆ, ಯಾರ ಗಾಡಿಯಲ್ಲಿ ಮಾಡುವುದಿಲ್ಲ ಎಂದು ನನಗೆ ಬೇರೆಯವರು ಹೇಳಬೇಕಿಲ್ಲ.

ನಮ್ಮ ಓಣಿ ಬಂತು. ಎತ್ತು ಬಿಚ್ಚುತ್ತಿದ್ದ ಸಿದ್ದಪ್ಪ ದಾರಿ ಬಿಡಲು ಗೋಡೆಯ ಕಡೆ ಸರಿದ. ಇಲ್ಲಿ ನಿಲ್ಲಿಸಿದರೆ ಅವಳಿಗೆ ಎಚ್ಚರವಾಗುತ್ತದೆ. ನಾನು ತಿರುಗಿಸಲಿಲ್ಲ. ನೇರ ಮುಂದಕ್ಕೆ ಬಿಟ್ಟೆ, ಗುಂಜೋಟಿಯ ದಾರಿಗೆ, ಅಲ್ಲಿಂದ ಉಮರ್ಗಾದ ಹೆದ್ದಾರಿಯ ಕಡೆಗೆ.

"ಎಲ್ಲಿ ಹೊಂಟಿ ಅಣ್ಣಾ? ಮನಿ ಹಿಂದ ಉಳೀತು!" ಎಂದು ಅವನು ಕೂಗಿದ.

ನಾನು ಹಾರ್ನು ಸಹ ಹೊಡೆಯಲಿಲ್ಲ.